ಸಾಲೊಬ್ರೆನ್ಯಾದಿಂದ ಗುಂಡನಿಗೆ

ಲೋ ಗುಂಡ,

ಸ್ಪೇನಿಗೆ ಹೋಗಿದ್ದೆ ಅಂತ ಫೋಟೋ ನೋಡಿ ಗೊತ್ತಾಗಿರುತ್ತೆ. ಮೊದಲೇ ಹೇಳಲಿಲ್ಲ ಅಂತ ಮುನಿಸಿಕೊಂಡೂ ಇರ್ತೀಯ. ಮುನಿಸಿಕೋ.

ಮಾಲಗಾ ಕಡೆಯ ಬೀಚುಗಳಲ್ಲಿ ನಮ್ಮಂಥ ಪ್ರವಾಸಿಗರೇ ಜಾಸ್ತಿ. ಅದಕ್ಕೇ ಪೂರ್ವಕ್ಕೆ ಹೋಗಿ, ಗ್ರಾನಡಾ ಪ್ರಾಂತ್ಯದ ಸಾಲೊಬ್ರೆನ್ಯಾ ಅನ್ನೋ ಸಣ್ಣ ಊರಲ್ಲಿ ಇಳಿದೆವು. ಒಂದು ಬಂಡೆಗುಡ್ಡ, ಅದರ ಮೈಗೆಲ್ಲ ಬಿಳಿ ಮನೆಗಳು, ತುದಿಯಲ್ಲೊಂದು ಹಳೇ ಕೋಟೆ. ಆಗ ಈ ಸೀಮೆ ಆಳುತ್ತಿದ್ದ ಗ್ರಾನಡಾದ ಸುಲ್ತಾನರು ತಮಗಾಗದ ಅಣ್ಣತಮ್ಮಂದಿರನ್ನು ಈ ಕೋಟೆಯಲ್ಲಿ ಕೂಡಿಹಾಕುತ್ತಿದ್ದರು. ಮೂರನೇ ಯೂಸುಫ್‌ನನ್ನು ಸ್ವಂತ ತಮ್ಮನೇ ಇಲ್ಲಿ ಸೆರೆಯಲ್ಲಿಟ್ಟಿದ್ದ. 1408ರಲ್ಲಿ ತಮ್ಮ ಸತ್ತ, ಅಣ್ಣ ಸೀದಾ ಹೋಗಿ ಪಟ್ಟಕ್ಕೆ ಕೂತ. ನಿಮ್ಮ ಮನೆಯ ಭಾಗದ ವ್ಯಾಜ್ಯ ಇದರ ಮುಂದೆ ಏನೂ ಅಲ್ಲ ಬಿಡು.

ನಿನಗೆ ಹಿಡಿಸುವ ಸಂಗತಿ ಒಂದಿದೆ. ಈ ಸೀಮೆಯಲ್ಲಿ ಒಂದು ಬಿಯರ್ ಹೇಳಿದರೆ ಜೊತೆಗೆ ಒಂದು ಪುಟ್ಟ ತಟ್ಟೆ ತಿಂಡಿ ಬಿಟ್ಟಿ ಬರುತ್ತೆ. ಇನ್ನೊಂದು ಬಿಯರ್, ಇನ್ನೊಂದು ತಟ್ಟೆ. ನೀನಿದ್ದಿದ್ದರೆ ಆ ಬಾರು ಮುಚ್ಚಿಸಿಯೇ ಏಳುತ್ತಿದ್ದೆ.

ಬೀದಿಯಲ್ಲಿ ಚಿರಿಮೋಯಾ ಹಣ್ಣು ಮಾರುತ್ತಿದ್ದರು. ನಮ್ಮ ಸೀತಾಫಲದ ದಾಯಾದಿ. ಆದರೆ ಮೈ ನುಣುಪು, ತಿರುಳು ಬೆಣ್ಣೆ, ಬೀಜ ಕಮ್ಮಿ. ಇದರ ಹೂವಿಗೆ ಪರಾಗ ಮುಟ್ಟಿಸೋ ಹುಳ ಇಲ್ಲಿಲ್ಲವಂತೆ. ಹಾಗಾಗಿ ಒಂದೊಂದು ಹೂವಿಗೂ ಮನುಷ್ಯರೇ ಸಣ್ಣ ಕುಂಚ ಹಿಡಿದು ಪರಾಗ ಹಚ್ಚುತ್ತಾರೆ. ನೀನು ತೋಟದಲ್ಲಿ ಕುಂಚ ಹಿಡಿದು ನಿಂತಿರೋದನ್ನು ನೆನೆಸಿಕೊಂಡು ಒಬ್ಬನೇ ನಕ್ಕೆ.

ಕೋಟೆ ಮೇಲಿಂದ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ದೂರದಲ್ಲಿ ಹಿಮದ ಬೆಟ್ಟ. ನಡುವೆ ಚಪ್ಪಟೆ ಬಯಲು. ಆ ಬಯಲಿನ ತುಂಬ ಮೊದಲು ಏನಿತ್ತು ಹೇಳು? ಕಬ್ಬು ಕಣೋ! ಅರಬರು ತಂದು ನೆಟ್ಟಿದ್ದು. ಹತ್ತಿರ ಹತ್ತಿರ ಸಾವಿರ ವರ್ಷ ಬೆಳೆದರು. ಈಗ ಬೆಣ್ಣೆಹಣ್ಣು, ಚಿರಿಮೋಯಾ, ಅಂಚಿಗೆಲ್ಲ ನಮ್ಮಂಥವರು ಬಂದು ಇಳಿಯುವ ಮನೆಗಳು. ಪಕ್ಕದ ಲಾ ಕಲೆತಾದಲ್ಲಿ ಸಕ್ಕರೆ ಫ್ಯಾಕ್ಟರಿ ಇದೆ. ಯುರೋಪಿನಲ್ಲಿ ಕಬ್ಬಿನಿಂದ ಸಕ್ಕರೆ ಮಾಡುತ್ತಿದ್ದ ಕೊನೇ ಫ್ಯಾಕ್ಟರಿ. 2006ರಲ್ಲಿ ಮುಚ್ಚಿತು.

ನಾವು ಹೋಗುತ್ತಿದ್ದ ಬಾರಿನ ಗೋಡೆಗೆ ಒಂದು ಕಪ್ಪುಬಿಳುಪು ಫೋಟೋ ಹಾಕಿದ್ದರು. ಕಬ್ಬು ಕಡಿಯುವವರು ಸಾಲಾಗಿ ನಿಂತಿದ್ದಾರೆ. ಮುಖ, ಕೈ, ಅಂಗಿ, ಎಲ್ಲಾ ಮಸಿ. ಕಡಿಯುವ ಮುಂಚೆ ಗದ್ದೆಗೆ ಬೆಂಕಿ ಹಾಕಿ ತರಗು ಸುಡುತ್ತಿದ್ದರು. ಒಬ್ಬ ಮಾತ್ರ ನಗುತ್ತಿದ್ದ, ಹಲ್ಲಷ್ಟೇ ಬೆಳ್ಳಗೆ. ಥೇಟ್ ನಿಮ್ಮಪ್ಪ ಕಣೋ. ಆಲೆಮನೆ ಒಲೆಯ ಮುಂದೆ ಕೂತ ನಿಮ್ಮಪ್ಪ.

ಮಾರನೇ ದಿನ ಫ್ಯಾಕ್ಟರಿ ಕಡೆ ನಡೆದುಕೊಂಡು ಹೋದೆ. ಚಿಮಣಿ ಇದೆ, ಹೊಗೆ ಇಲ್ಲ. ಲಾರಿ ಇಲ್ಲ, ಮೊಲಾಸಿಸ್ ವಾಸನೆ ಇಲ್ಲ. ಎಷ್ಟು ಚೆನ್ನಾಗಿದೆ ಅಂದುಕೊಂಡು ಸೆಲ್ಫಿ ತೆಗೆದೆ. ಲಂಡನ್ನಿನ ಗಲಾಟೆ ಬಿಟ್ಟು ನಾನು ಹುಡುಕಿಕೊಂಡು ಬಂದಿದ್ದೇ ಈ ನೆಮ್ಮದಿಯನ್ನ. ಆದರೆ ಫೋಟೋ ನೋಡ್ತಾ ನೋಡ್ತಾ ಅನ್ನಿಸಿತು, ಇದು ನೆಮ್ಮದಿಯಲ್ಲ, ಆ ಕಬ್ಬು ಕಡಿಯುವವರ ಕೆಲಸ ನಿಂತುಹೋದ ಸದ್ದು ಅಂತ. ಯಾರದೋ ಫ್ಯಾಕ್ಟರಿ ಮುಚ್ಚಿದೆ, ನಾನು ಬಾಡಿಗೆ ಕೊಟ್ಟು ಅದರ ಪಕ್ಕ ಬಿಸಿಲು ಕಾಯಿಸ್ತಿದ್ದೀನಿ.

ಇಷ್ಟಕ್ಕೇ ನಿಲ್ಲಿಸಬೇಕು ಅಂತಲೇ ಬರೆಯೋಕೆ ಕೂತಿದ್ದು. ಆದರೆ ಬಂತು ನೋಡು ಬಾಯಿಗೆ.

ನಾಲೆ ಪಕ್ಕದ ನಮ್ಮ ಗದ್ದೆ ಇದೆಯಲ್ಲ, ನೀನು ಗುತ್ತಿಗೆಗೆ ಮಾಡ್ತಿರೋದು. ಹೊಸ ಹೆದ್ದಾರಿ ಆದ ಮೇಲೆ ಲೇಔಟ್‌ನವರು ಅಣ್ಣನ ಹಿಂದೆ ಬಿದ್ದಿದ್ದಾರೆ. ಅಣ್ಣ ನನ್ನ ಕೇಳಿದ. ನಾನು ಬೇಡ ಅನ್ನಲಿಲ್ಲ. ಎಷ್ಟು ಕೊಡ್ತಾರಂತೆ ಅಂದೆ. ಅಷ್ಟೇ ಅಲ್ಲ, ಆ ಮೊತ್ತದಲ್ಲಿ ಲಂಡನ್ನಿನ ಮನೆ ಸಾಲ ಎಷ್ಟು ತೀರುತ್ತೆ ಅಂತ ಲೆಕ್ಕವನ್ನೂ ಹಾಕಿದೆ. ಆ ಲೆಕ್ಕದಲ್ಲಿ ಎಲ್ಲೂ ನೀನು ಬರಲಿಲ್ಲ ಕಣೋ. ಕಬ್ಬಿನ ಕೂಳೆ ಬೆಳೆ ಇನ್ನೂ ನಿಂತಿದೆ ಅನ್ನೋದೂ ನೆನಪಾಗಲಿಲ್ಲ. ಅದು ನೆನಪಾಗಿದ್ದು ಸ್ಪೇನಿನ ಬಾರಲ್ಲಿ, ಎರಡನೇ ಬಿಯರಿಗೆ. ಫೋನಲ್ಲಿ ನಿನಗೆ ಹೇಳೋಕೆ ಧೈರ್ಯ ಸಾಲದೆ ಊರಿಗೆಲ್ಲ ಕೇಳೋ ಹಾಗೆ ಬರೀತಿದ್ದೀನಿ, ನೋಡು ನನ್ನ ಬುದ್ಧಿ.

ಏನೂ ತೀರ್ಮಾನ ಆಗಿಲ್ಲ. ಅಣ್ಣನೂ ನಾನೂ ಒಂದು ವಿಷಯಕ್ಕೆ ಒಪ್ಪಿಕೊಂಡಿದ್ದು ನೀನು ಯಾವತ್ತಾದರೂ ನೋಡಿದ್ದೀಯಾ? ಅವನು ಸಹಿ ಹಾಕೋ ಹೊತ್ತಿಗೆ ನಾನು ತಕರಾರು ತೆಗೆಯುತ್ತೇನೆ. ಕೊನೆಗೆ ಇಬ್ಬರಲ್ಲಿ ಒಬ್ಬರನ್ನು ಕೋಟೆಗೆ ಹಾಕಬೇಕಾಗುತ್ತೆ, ನಿಮ್ಮ ಹಳೇ ಆಲೆಮನೆ ಆದರೂ ಸಾಕು.

ಬಯ್ಯೋದಿದ್ದರೆ ಫೋನ್ ಮಾಡಿ ಬಯ್ಯಿ. ಇಲ್ಲಿ ಬರೀಬೇಡ, ನಮ್ಮ ಮಾವನ ಮನೆಯವರೆಲ್ಲ ಓದ್ತಾರೆ. ಅವರ ಪ್ರಕಾರ ನಾನು ಇನ್ನೂ ಮರ್ಯಾದಸ್ಥ.

ನಿನ್ನ,
ಲಂಡನ್ ಸಾಹುಕಾರ