ಮುಯ್ಯಿ ತೀರಿಸಲಾಗದವರ ಮನೆಗೆ

ಸೌತ್ ವೇಲ್ಸ್
ನವೆಂಬರ್, ಭಾನುವಾರ ರಾತ್ರಿ

ಪ್ರೀತಿಯ ಅಣ್ಣನಿಗೆ ತಂಗಿಯ ನಮಸ್ಕಾರಗಳು.

ಅಡಿಕೆ ಸುಲಿತ ಶುರುವಾಯಿತೆಂದು ಅಮ್ಮ ಫೋನಿನಲ್ಲಿ ಹೇಳಿದಳು. ಕೆಳಮನೆಯವರು ಎರಡು ವರ್ಷದಿಂದ ಮುಯ್ಯಾಳು, ಅಂದರೆ ನಾವು ಹೋಗಿ ದುಡಿದದ್ದಕ್ಕೆ ಬದಲಿ ಆಳು, ಕಳಿಸಿಲ್ಲ, ಈ ಸಲ ಅವರಲ್ಲಿಗೆ ಹೋಗುವುದಿಲ್ಲ ಎಂದೆಯಂತೆ. ಅದೇ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿದೆ.

ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಟ್ರೆಡೀಗರ್ ಊರಿನ, ತೊಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಗಣಿಯಲ್ಲಿ ದುಡಿದವರು. ಮುಂಗೈ ತುಂಬ ನೀಲಿ ಗೆರೆಗಳು; ಗಾಯದೊಳಗೆ ಕಲ್ಲಿದ್ದಲಿನ ಪುಡಿ ಉಳಿದು ಮೇಲೆ ಚರ್ಮ ಕೂಡಿಕೊಂಡದ್ದು. ಡ್ರೆಸ್ಸಿಂಗ್ ಬದಲಿಸುವಾಗ ತಮ್ಮೂರಿನ ಕಾರ್ಮಿಕರ ವೈದ್ಯಕೀಯ ನೆರವಿನ ಸಂಘದ ಕಥೆ ಹೇಳಿದರು. 1890ರಲ್ಲಿ ಹುಟ್ಟಿದ ಸಂಘ. ಗಣಿಯವರು, ಕಬ್ಬಿಣದ ಕಾರ್ಖಾನೆಯವರು ಕೂಲಿಯಲ್ಲಿ ಪೌಂಡಿಗೆ 3 ಪೆನ್ಸ್ ಕಟ್ಟುತ್ತಿದ್ದರು. ಆಗ ಪೌಂಡಿಗೆ 240 ಪೆನ್ಸ್. ಎಂಬತ್ತರಲ್ಲಿ ಒಂದು ಪಾಲು. ಅಷ್ಟರಲ್ಲೇ ಇಡೀ ಮನೆಗೆ ಡಾಕ್ಟರು, ಔಷಧಿ. ಕಡಿಮೆ ಕೂಲಿಯವನು ಕಡಿಮೆ ಕೊಟ್ಟ, ದೊಡ್ಡ ಕಾಯಿಲೆಯವನಿಗೆ ಹೆಚ್ಚು ಸಿಕ್ಕಿತು. ಇವರ ತಂದೆ ವರ್ಷಗಟ್ಟಲೆ ಡಾಕ್ಟರ ಬಾಗಿಲು ಮೆಟ್ಟದೆಯೂ ಹಣ ಕಟ್ಟಿದರಂತೆ. ‘ಬೇಸರವಾಗಲಿಲ್ಲವೇ?’ ಎಂದೆ. ‘ಯಾಕೆ ಬೇಸರ? ಡಾಕ್ಟರು ಬೇಕಾಗಲಿಲ್ಲವಲ್ಲ!’ ಎಂದರು.

ಆ ಸಂಘದ ಸಮಿತಿಯಲ್ಲಿದ್ದ, ಗಣಿ ಕಾರ್ಮಿಕರ ಮಗ ಅನೈರಿನ್ ಬೆವನ್ ಮುಂದೆ ಬ್ರಿಟನ್ನಿನ ಆರೋಗ್ಯ ಮಂತ್ರಿಯಾದರು. ತಮ್ಮೂರಿನ ಮಾದರಿ ಕಣ್ಣ ಮುಂದಿಟ್ಟುಕೊಂಡೇ 1948ರ ಜುಲೈ 5ರಂದು ದೇಶಕ್ಕೆಲ್ಲ ಉಚಿತ ಆರೋಗ್ಯ ಸೇವೆ ತಂದರು. ನನ್ನ ಸಂಬಳ ಬರುವುದು ಆ ಸೇವೆಯಿಂದಲೇ. ಇಲ್ಲಿನ ಎಷ್ಟೋ ಹಳೆಯ ಪರಸ್ಪರ ಸಹಾಯ ಸಂಘಗಳಲ್ಲಿ ಸದಸ್ಯರು ಒಬ್ಬರನ್ನೊಬ್ಬರು ‘ಬ್ರದರ್’ ಎಂದೇ ಕರೆಯುತ್ತಿದ್ದರು. ಒಡಹುಟ್ಟಿದವರಲ್ಲದವರನ್ನು ಹಾಗೆ ಕರೆಯಲು ಏನು ಬೇಕೆಂದು ಆ ನೀಲಿ ಗೆರೆಯ ಕೈ ಹಿಡಿದಾಗ ನನಗೆ ತಿಳಿಯಿತು.

ಮುಯ್ಯಿಗೆ ಲೆಕ್ಕವುಂಟು, ಅಣ್ಣ. ಆಳಿಗೆ ಆಳು. ತಪ್ಪೆನ್ನುವುದಿಲ್ಲ, ನಮ್ಮ ಕಡೆಯ ತೋಟಗಳು ನಡೆದದ್ದೇ ಅದರಿಂದ. ಆದರೆ ಅಪ್ಪ ಹಾಸಿಗೆ ಹಿಡಿದ ವರ್ಷ ನಮ್ಮ ಮನೆಯಿಂದ ಒಂದಾಳೂ ಹೊರಡಲಿಲ್ಲ. ಆಗ ಕೆಳಮನೆ ಚಿಕ್ಕಮ್ಮ ನಮ್ಮ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿ ಹನ್ನೊಂದರವರೆಗೂ ಸುಲಿಯುತ್ತಿದ್ದರು. ಅವರ ಬೆರಳಿಗೆ ಹತ್ತಿದ ಕರೆ ತಿಂಗಳಾದರೂ ಹೋಗಿರಲಿಲ್ಲ.

ಈಗ ಅವರ ಮನೆಯಲ್ಲಿ ದುಡಿಯುವ ಕೈ ಇಲ್ಲ. ಈ ಸಲವೂ ಹೋಗು. ನೀನೊಬ್ಬನೇ ಸಾಲದಿದ್ದರೆ ಇನ್ನಿಬ್ಬರ ಕೂಲಿ ನಾನು ಕಳಿಸುತ್ತೇನೆ. ಚಿಕ್ಕಮ್ಮನಿಗೆ ಅದು ಗೊತ್ತಾಗುವುದು ಬೇಡ.

ಅಮ್ಮ ಮಂಡಿನೋವಿನ ಮಾತ್ರೆಯನ್ನು ಊಟವಾದ ಮೇಲೆಯೇ ನುಂಗಲಿ.

ನಿನ್ನ ತಂಗಿ