403 ಬಂದಾಗ ಮೊದಲು ಲಾಗ್ ನೋಡಿ

ಸದಸ್ಯರಿಗೆಲ್ಲ ನಮಸ್ಕಾರ.

ಪುಟ ತೋರಿಸಲು ಸರ್ವರ್ ನಿರಾಕರಿಸುವ 403 ದೋಷ ಬಂತೆಂದು ಇಡೀ ಫೋಲ್ಡರ್‌ಗೆ 777 ಅನುಮತಿ ಕೊಡುವ ಸಲಹೆಯನ್ನು ದಯವಿಟ್ಟು ಗುಂಪಿನಲ್ಲಿ ಯಾರಿಗೂ ಕೊಡಬೇಡಿ. ಆ ಸರ್ವರ್‌ನ ಯಾವ ಬಳಕೆದಾರ ಬೇಕಾದರೂ ನಿಮ್ಮ ಕಡತಗಳನ್ನು ತಿದ್ದಬಹುದು ಎಂದೇ ಅದರ ಅರ್ಥ. ಸಾಮಾನ್ಯವಾಗಿ ಫೋಲ್ಡರ್‌ಗಳಿಗೆ 755, ಕಡತಗಳಿಗೆ 644 ಸಾಕು (ಒಡೆಯ ಮಾತ್ರ ತಿದ್ದಬಹುದು, ಉಳಿದವರು ಓದಬಹುದು).

ಮೊದಲು ಎಂಜಿನ್‌ಎಕ್ಸ್ (nginx) ಎಂಬ ವೆಬ್ ಸರ್ವರ್ ತಂತ್ರಾಂಶದ ಎರರ್ ಲಾಗ್, ಅಂದರೆ ದೋಷಗಳ ದಾಖಲೆ, ತೆರೆಯಿರಿ. ‘13: ಪರ್ಮಿಷನ್ ಡಿನೈಡ್’ ಎಂದಿದ್ದರೆ ಅನುಮತಿಯದೇ ತೊಂದರೆ. ‘ಡೈರೆಕ್ಟರಿ ಇಂಡೆಕ್ಸ್’ ಎಂಬ ಮಾತಿದ್ದರೆ ಅಲ್ಲಿ ಇಂಡೆಕ್ಸ್ ಕಡತವೇ (ಫೋಲ್ಡರ್‌ನ ಮೊದಲ ಪುಟ) ಸಿಕ್ಕಿಲ್ಲ. ಅನುಮತಿ ಬದಲಿಸಿ ಪ್ರಯೋಜನವಿಲ್ಲ.

ಬಹಳ ಮಂದಿ ಎಡವುವುದು ಮೇಲಿನ ಫೋಲ್ಡರ್‌ಗಳಲ್ಲಿ. ಕಡತದ ಅನುಮತಿ ಸರಿಯಿದ್ದರೂ ಅದರವರೆಗಿನ ಪ್ರತಿಯೊಂದು ಫೋಲ್ಡರ್‌ನಲ್ಲೂ ಎಂಜಿನ್‌ಎಕ್ಸ್‌ನ ಬಳಕೆದಾರನಿಗೆ ಎಕ್ಸ್ (x) ಅನುಮತಿ, ಅಂದರೆ ಒಳಹೋಗುವ ಅನುಮತಿ, ಇರಲೇಬೇಕು. ಉಬುಂಟು 21.04ರಿಂದ ಈಚೆಗೆ ಹೊಸ ಬಳಕೆದಾರರ ಹೋಮ್ ಫೋಲ್ಡರ್ 750 ಆಗಿಯೇ ಬರುತ್ತದೆ, ಅಂದರೆ ಹೊರಗಿನವರಿಗೆ ಪ್ರವೇಶವಿಲ್ಲ. ಜಾಲತಾಣವನ್ನು ಅದರೊಳಗೆ ಇಟ್ಟರೆ ಹೊಸ್ತಿಲಲ್ಲೇ ತಡೆ. ತಡೆ ಎಲ್ಲಿದೆ ಎಂದು ತಿಳಿಯಲು ‘ನೇಮ್‌ಐ’ (namei) ಆದೇಶಕ್ಕೆ ಎಲ್ (-l) ಆಯ್ಕೆ ಸೇರಿಸಿ ಕಡತದ ಪೂರ್ತಿ ಪಾತ್ ಕೊಡಿ. ಒಂದೊಂದು ಫೋಲ್ಡರ್‌ನ ಒಡೆಯ, ಅನುಮತಿ ಎಲ್ಲವೂ ಸಾಲಾಗಿ ಕಾಣುತ್ತವೆ. ಇಂತಹ ಹುಡುಕಾಟಕ್ಕೆ ಇದಕ್ಕಿಂತ ಒಳ್ಳೆಯ ಆದೇಶವನ್ನು ನಾನು ಕಂಡಿಲ್ಲ.

ಫೆಡೋರಾ, ರಾಕಿ ಲಿನಕ್ಸ್ ಬಳಸುವವರು ಎಸ್‌ಇಲಿನಕ್ಸ್ (SELinux) ಎಂಬ ಹೆಚ್ಚುವರಿ ಭದ್ರತಾ ವ್ಯವಸ್ಥೆಯನ್ನೂ ನೋಡಿ. ಅದು ಕಡತಗಳಿಗೆ ಅಂಟಿಸಿದ ಲೇಬಲ್ ನೋಡಿ ಪ್ರವೇಶ ಕೊಡುತ್ತದೆ. ಹೋಮ್‌ನಿಂದ ‘ಎಂವಿ’ (mv) ಆದೇಶದಲ್ಲಿ ಸಾಗಿಸಿದ ಕಡತಕ್ಕೆ ಹಳೆಯ ಲೇಬಲ್ಲೇ ಉಳಿದಿರುತ್ತದೆ. ಲೇಬಲ್ ಸರಿಪಡಿಸುವ ‘ರೀಸ್ಟೋರ್‌ಕಾನ್’ (restorecon) ಓಡಿಸಿ, ಎಸ್‌ಇಲಿನಕ್ಸ್ ಅನ್ನೇ ಆರಿಸಿಬಿಡಬೇಡಿ.

ಇನ್ನು ಮುಂದೆ ಸಹಾಯ ಕೇಳುವವರು ಲಾಗ್‌ನ ಆ ಸಾಲನ್ನೂ ನೇಮ್‌ಐ ಕೊಟ್ಟ ಉತ್ತರವನ್ನೂ ಜೊತೆಗೆ ಹಾಕಿ. ಐಪಿ ವಿಳಾಸ ಮಾತ್ರ ಅಳಿಸಿರಿ.