ಆ ಚಾರ್ಜರ್ ಇನ್ನೂ ಅವರ ಮೇಜಿನ ಮೇಲಿದೆಯಾ?

ಚಿ. ಸೌಮ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸುದ್ದಿ ನಿಮ್ಮಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಯಲ್ಲಿ ಬರೆದ ಆ ನಾಲ್ಕು ಸಾಲು ನಿದ್ದೆ ಕೆಡಿಸಿದೆ. ಆಫೀಸಿನಲ್ಲಿ ನಿನ್ನ ಲ್ಯಾಪ್‌ಟಾಪ್ ಚಾರ್ಜರಿನ ವೈರು ಬಿಟ್ಟುಹೋಗಿತ್ತು, ಪಕ್ಕದ ಮೇಜಿನವರು ರಜೆಯಲ್ಲಿದ್ದರು, ಎರಡೂ ನೋಡೋಕೆ ಒಂದೇ ಥರ ಇತ್ತು ಅಂತ ಅದಲುಬದಲು ಮಾಡಿಕೊಂಡೆ. ಅವರು ಬಂದು ಕೇಳಿದಾಗ ಗೊತ್ತಿಲ್ಲ ಅಂದೆ. ಈಗ ಕಳ್ಳಿ ಅಂತಾರೇನೋ ಅನ್ನುವ ಹೆದರಿಕೆ ನಿನಗೆ.

ನನ್ನ ಹೆದರಿಕೆ ಬೇರೆ, ಮಗಳೇ. ಆ ಕೆಟ್ಟ ಚಾರ್ಜರ್ ಈಗ ಅವರು ದಿನಾ ಪ್ಲಗ್ಗಿಗೆ ಹಾಕುತ್ತಿದ್ದಾರೆ.

ವೈರು ಮಡಚಿ ಮಡಚಿ ಪಿನ್ನಿನ ಬುಡದಲ್ಲಿ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. 65 ವ್ಯಾಟಿನ ಚಾರ್ಜರಿನಲ್ಲಿ 20 ವೋಲ್ಟಿಗೆ 3.25 ಆಂಪಿಯರ್ ಹರಿಯಬಹುದು. ಅಷ್ಟೂ ಉಳಿದ ನಾಲ್ಕಾರು ಎಳೆಗಳಲ್ಲೇ ಹೋಗಬೇಕಾದಾಗ ಆ ಜಾಗ ಬಿಸಿಯಾಗುತ್ತದೆ, ಹೊದಿಕೆ ಮೆತ್ತಗಾಗುತ್ತದೆ, ಒಂದು ದಿನ ಕಿಡಿ ಹಾರಬಹುದು. ಮೇಲೆ ಟೇಪು ಸುತ್ತಿದರೆ ಕಣ್ಣಿಗೆ ಮರೆಯಾಗುತ್ತದೆ, ಅಷ್ಟೇ. ವೈರು ಅಲುಗಿಸಿದಾಗ ಚಾರ್ಜಿಂಗ್ ದೀಪ ಹೋಗಿ ಬರುತ್ತಿತ್ತು ಅಂತ ನೀನೇ ಬರೆದಿದ್ದೀಯ. ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ಪಾಪ, ಅವರು ಬ್ಯಾಟರಿ ಹೋಗಿದೆ ಅಂದುಕೊಂಡು ಅದನ್ನು ಬದಲಾಯಿಸಲು ಓಡಾಡುತ್ತಿರಬಹುದು.

ಕಳ್ಳಿ ಅನ್ನುತ್ತಾರಾ? ಬಾಯಿಬಿಟ್ಟು ಹೇಳಿದರೆ ಬಹುಶಃ ಅನ್ನುವುದಿಲ್ಲ, ಒಂದಿಷ್ಟು ಮುಖ ಗಂಟಿಕ್ಕಬಹುದು. ಹೇಳದೆ ಇದ್ದು ಹೊರಬಿದ್ದರೆ ಅಂದಾರು. ಹೊರಬೀಳುವುದು ಕಷ್ಟವೇನಲ್ಲ. ಚಾರ್ಜರಿನ ಬೆನ್ನ ಮೇಲೆ ಸೀರಿಯಲ್ ನಂಬರ್ ಇರುತ್ತದೆ, ಅದನ್ನು ಬರೆದಿಟ್ಟಿದ್ದರೆ ಯಾರದ್ದು ಅಂತ ತಿಳಿಯುತ್ತದೆ. ಎಷ್ಟೋ ಕಡೆ ರಿಜಿಸ್ಟರಿನಲ್ಲಿ ಲ್ಯಾಪ್‌ಟಾಪಿನ ನಂಬರ್ ಮಾತ್ರ ಬರೆದು ಚಾರ್ಜರಿಗೆ "ಜೊತೆಗೆ 1" ಅಂತ ಹಾಕಿ ಬಿಡುತ್ತಾರೆ, ಅದಕ್ಕೇ ಇದು ಸುಲಭವಾಗಿ ಕೈ ಬದಲಾಗುವುದು. ಆದರೆ ಅವರು ಕೆಲಸ ಬಿಡುವ ದಿನ ನೋ ಡ್ಯೂಸ್‌ಗೆ, ಅಂದರೆ ಬಾಕಿ ಏನೂ ಇಲ್ಲ ಅನ್ನುವ ಚೀಟಿಗೆ, ನಿಂತಾಗ ಕೆಟ್ಟ ಚಾರ್ಜರ್ ಅವರ ಹೆಸರಿಗೇ ಬೀಳುತ್ತದೆ. ಸ್ಟೋರ್ಸ್ ನೋಡಿಕೊಳ್ಳುತ್ತಿದ್ದಷ್ಟು ಕಾಲ ನಾನೂ ಹಾಗೇ, ಹೆಸರಿದ್ದವರ ಲೆಕ್ಕಕ್ಕೆ ಬರೆದು ಪುಟ ತಿರುವುತ್ತಿದ್ದೆ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಕೇಳಬೇಕಿತ್ತು. ಕೇಳಲಿಲ್ಲ. ಈಗ ಅದು ಚುಚ್ಚುತ್ತದೆ.

ಮುಂದಕ್ಕೆ ಏನು ಮಾಡಬೇಕು ಅಂತ ಹೇಳಲು ನಾನ್ಯಾರು, ಆದರೂ ಬರೆಯುತ್ತೇನೆ. ಪೆನ್ನು, ಪೇಪರ್, ಸ್ಟೇಪ್ಲರ್ ಪಿನ್ನು ಎಲ್ಲರದ್ದು, ತಗೊಂಡರೆ ಯಾರೂ ಕೇಳರು. ಹೆಸರಿಗೆ ಬರೆದು ಕೊಟ್ಟ ಸಾಮಾನಿಗೆ ಮಾತ್ರ ಅವರನ್ನೇ ಕೇಳಬೇಕು. ರಜೆಯಲ್ಲಿದ್ದರೆ ಒಂದು ಮೆಸೇಜ್ ಸಾಕು. ಉತ್ತರ ಬರದಿದ್ದರೆ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಐಟಿಯವರ ಹತ್ತಿರ ಬದಲಿ ಕೇಳು. ವೈರ್‌ಲೆಸ್ ಮೌಸ್ ತಗೊಂಡರೆ ಅದರ ಸಣ್ಣ ರಿಸೀವರ್ ಸಮೇತ ವಾಪಸ್ಸು ಇಡು, ಒಂದನ್ನು ಬಿಟ್ಟು ಇನ್ನೊಂದು ಕೆಲಸಕ್ಕೆ ಬಾರದು. ಬೆನ್ನುನೋವಿನವರು ಹೊಂದಿಸಿಕೊಂಡ ಕುರ್ಚಿಯನ್ನಂತೂ ಮುಟ್ಟಲೇಬೇಡ. ಇನ್ನೊಬ್ಬರ ಚಾರ್ಜರ್ ಎರವಲು ತರುವಾಗ ಲೇಬಲ್ಲಿನ ಔಟ್‌ಪುಟ್ ಸಾಲು ಓದು: 20 ವೋಲ್ಟ್ 2.25 ಆಂಪಿಯರ್ ಅಂದರೆ 45 ವ್ಯಾಟ್, 65 ಕೇಳುವ ಲ್ಯಾಪ್‌ಟಾಪಿಗೆ ಅದು ಸಾಲದು.

ಇವೆಲ್ಲ ಆಮೇಲಿನ ಮಾತು. ಅವರ ಚಾರ್ಜರ್ ಅವರಿಗೆ ಕೊಟ್ಟು, "ಬದಲಾಯಿಸಿದ್ದು ನಾನೇ, ಕೇಳಿದಾಗ ಸುಳ್ಳು ಹೇಳಿದೆ" ಅನ್ನು. ವೈರು ಎಲ್ಲೋ ಬದಲಾಗಿತ್ತು ಅಂತ ತೇಲಿಸಬೇಡ. ಕೆಟ್ಟದ್ದರ ಮೇಲೆ "ಬಳಸಬೇಡಿ" ಅಂತ ಚೀಟಿ ಅಂಟಿಸಿ, ತಾರೀಖು ಹಾಕಿ, ಐಟಿಯವರ ಕೈಗೇ ಕೊಡು. ಇನ್ನೊಂದು ಖಾಲಿ ಮೇಜಿನ ಮೇಲೆ ಇಟ್ಟು ಬರಬೇಡ.

ನಾಳೆ ಅವರು ಬರುವ ಮುಂಚೆಯೇ ಹೋಗು. ಮೊದಲು ಆ ಪ್ಲಗ್ ಕಿತ್ತು ಇಡು.

ನಿನ್ನ ದೊಡ್ಡಪ್ಪ